ಮಾಂಟೆ ಕ್ರಿಸ್ಟೋ: ಸೇಡೋ, ನ್ಯಾಯವೋ?

ದಿನಪತ್ರಿಕೆಯಲ್ಲಿ ಕಂತುಕಂತಾಗಿ ಬಂದ ಕಾದಂಬರಿಗಳನ್ನು ವಿಮರ್ಶೆ ಸಾಮಾನ್ಯವಾಗಿ ಜಗಲಿಯಲ್ಲೇ ಮಾತನಾಡಿಸಿ ಕಳುಹಿಸಿಬಿಡುವುದುಂಟು. ಒಳಗೆ ಕರೆದು ಮಣೆ ಹಾಕುವುದು ಅಪರೂಪ. ಫ್ರೆಂಚ್ ಲೇಖಕ ಅಲೆಗ್ಸಾಂಡರ್ ಡ್ಯೂಮಾನ ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೋ’ ಕಾದಂಬರಿಯ ಗತಿಯೂ ಬಹುಮಟ್ಟಿಗೆ ಇದೇ ಆಗಿದೆ. 1844ರ ಆಗಸ್ಟಿನಿಂದ 1846ರ ಜನವರಿಯವರೆಗೆ ಪ್ಯಾರಿಸ್ಸಿನ ‘ಜೂರ್ನಾಲ್ ದೆ ದೆಬಾ’ ಪತ್ರಿಕೆಯಲ್ಲಿ ಪ್ರಕಟವಾದ ಈ ಕೃತಿಯನ್ನು ಓದಿದವರು ಅಸಂಖ್ಯಾತರು. ಅದರ ಬಗ್ಗೆ ಯೋಚಿಸಿದವರು ಕಡಿಮೆ. ನಮ್ಮಲ್ಲಿ ಅನೇಕರಿಗೆ ಇದು ಶಾಲೆಯ ದಿನಗಳಲ್ಲಿ ಕೈಗೆ ಬಂದ ಇಂಗ್ಲಿಷ್ ಸಂಕ್ಷಿಪ್ತ ಆವೃತ್ತಿಯಿಂದಲೋ, ಚಲನಚಿತ್ರದಿಂದಲೋ ಪರಿಚಿತವಾದುದು. ಸಂಕ್ಷೇಪದಲ್ಲಿ ಸೆರೆಮನೆ, ನಿಧಿ, ಸೇಡು ಇಷ್ಟು ಉಳಿದು, 117 ಅಧ್ಯಾಯಗಳ ಮೂಲಕೃತಿಯಲ್ಲಿ ಇರುವ ಧರ್ಮಸಂಕಟ ಬಿಟ್ಟುಹೋಗುತ್ತದೆ. ಆ ಧರ್ಮಸಂಕಟವನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ಕಥೆಯ ಎಳೆಯನ್ನು ಮೊದಲು ನೆನಪಿಸಿಕೊಳ್ಳಬಹುದು. ಎಡ್ಮಂಡ್ ದಾಂತೆಸ್ ಮಾರ್ಸೇಲ್ಸ್ ಬಂದರಿನ ನಾವಿಕ, ವಯಸ್ಸು 19. ಹಡಗಿನ ಕಪ್ತಾನನಾಗುವ ಯೋಗ, ಒಲಿದ ಹುಡುಗಿ ಮರ್ಸಿಡಿಸಳೊಡನೆ ಮದುವೆ, ಎರಡೂ ಕೈಗೆಟುಕುವಷ್ಟು ಹತ್ತಿರ ಬಂದಿವೆ. ಅವನ ಏಳಿಗೆಯನ್ನು ಸಹಿಸದ ಡಾಂಗ್ಲಾರ್ ಎಡಗೈಯಿಂದ ಒಂದು ಮೂಗರ್ಜಿ ಬರೆಯುತ್ತಾನೆ: ಇವನು ಎಲ್ಬಾ ದ್ವೀಪದಲ್ಲಿರುವ ನೆಪೋಲಿಯನ್ನನ ಪಕ್ಷದ ದೂತ ಎಂದು. ಮರ್ಸಿಡಿಸಳನ್ನು ಬಯಸಿದ ಫರ್ನಾಂಡ್ ಅದನ್ನು ಅಂಚೆಗೆ ಹಾಕುತ್ತಾನೆ. ನೆರೆಯವನಾದ ಕದ್ರೂಸ್ ಎಲ್ಲವನ್ನೂ ಕಂಡು, ಕುಡಿತದ ಮಬ್ಬಿನಲ್ಲಿಯೂ ಆಮೇಲೆ ಹೆದರಿಕೆಯಲ್ಲಿಯೂ ಬಾಯಿ ಮುಚ್ಚಿಕೊಂಡಿರುತ್ತಾನೆ. 1815ರ ಫೆಬ್ರವರಿ 28ರಂದು, ಮದುವೆಯ ಔತಣದ ನಡುವೆಯೇ, ದಾಂತೆಸ್ ಬಂಧಿತನಾಗುತ್ತಾನೆ. ಸಮುದ್ರದ ನಡುವಿನ ಷಾತೋ ದೀಫ್ ಕೋಟೆಯಲ್ಲಿ 14 ವರ್ಷ ಕಳೆದು, ಅಲ್ಲಿ ಗುರುವಾಗಿ ದೊರೆತ ಪಾದ್ರಿ ಫಾರಿಯಾನಿಂದ ವಿದ್ಯೆಯನ್ನೂ ನಿಧಿಯ ಗುಟ್ಟನ್ನೂ ಪಡೆದು, ಗುರುವಿನ ಹೆಣದ ಚೀಲದಲ್ಲಿ ತಾನು ಹೊಕ್ಕು ತಪ್ಪಿಸಿಕೊಳ್ಳುತ್ತಾನೆ. ಮುಂದೆ ಮಾಂಟೆ ಕ್ರಿಸ್ಟೋ ಕೌಂಟನಾಗಿ ಪ್ಯಾರಿಸ್ಸಿಗೆ ಬಂದು ಒಬ್ಬೊಬ್ಬರನ್ನಾಗಿ ಉರುಳಿಸುತ್ತಾನೆ. ಇಷ್ಟು ಎಲ್ಲರಿಗೂ ತಿಳಿದದ್ದೇ.

ಆದರೆ ದಾಂತೆಸನನ್ನು ಸೆರೆಗೆ ಕಳುಹಿಸಿದವರು ಈ ಮೂವರಲ್ಲ ಎಂಬುದನ್ನು ಗಮನಿಸಬೇಕು. ಮೂಗರ್ಜಿ ಬರೆಯುವವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಅದನ್ನು ತೂಗಿ ನೋಡಲೆಂದೇ ನ್ಯಾಯಸ್ಥಾನವಿರುವುದು. ವಿಚಾರಣೆ ಮಾಡಿದ ಸಹಾಯಕ ಸರಕಾರಿ ವಕೀಲ ವಿಲ್‌ಫೋರನಿಗೆ ಹುಡುಗ ನಿರಪರಾಧಿಯೆಂದು ಮನದಟ್ಟಾಗಿಯೇ ಇತ್ತು, ಬಿಟ್ಟುಬಿಡುವುದರಲ್ಲಿದ್ದ. ಅಷ್ಟರಲ್ಲಿ, ಎಲ್ಬಾದಿಂದ ತಂದ ಪತ್ರ ತನ್ನ ತಂದೆ ನುವಾರ್ತಿಯೆಯ ಹೆಸರಿಗಿದೆ ಎಂದು ಕಾಣುತ್ತದೆ. ಅರಸನ ಪಕ್ಷದಲ್ಲಿ ಮೇಲೇರಬೇಕೆಂದಿರುವವನಿಗೆ ನೆಪೋಲಿಯನ್ ಪಕ್ಷದ ತಂದೆಯ ಹೆಸರು ಹೊರಬಿದ್ದರೆ ಸರ್ವನಾಶ. ಪತ್ರವನ್ನು ದಾಂತೆಸನ ಎದುರಿಗೇ ಬೆಂಕಿಗೆ ಹಾಕುತ್ತಾನೆ. ತನ್ನನ್ನು ಉಳಿಸಲೆಂದೇ ಸುಟ್ಟನೆಂದು ಭಾವಿಸಿ ಆ ಬಡಪಾಯಿ ಕೃತಜ್ಞತೆಯಿಂದ ಕರಗಿಹೋಗುತ್ತಾನೆ! ಸಾಹಸಕಾದಂಬರಿಗಳಲ್ಲಿ ಇಷ್ಟು ಕ್ರೂರವಾದ ವ್ಯಂಗ್ಯ ಅಪರೂಪ. ಅಲ್ಲಿಂದ ಮುಂದೆ ದಾಂತೆಸನ ಮೊಕದ್ದಮೆ ಎಂಬುದೇ ಇಲ್ಲ. ಸೆರೆಮನೆಯ ತನಿಖಾಧಿಕಾರಿಯೊಬ್ಬ ಅವನ ಮೊರೆ ಕೇಳಿ ಮರುಗಿ ದಫ್ತರ ತೆಗೆಸುತ್ತಾನೆ. ಅಲ್ಲಿ ಇವನು ಉಗ್ರ ರಾಜದ್ರೋಹಿಯೆಂದು ಬರೆದಿರುವುದನ್ನು ನೋಡಿ, ಮಾಡುವುದೇನೂ ಇಲ್ಲವೆಂದು ಷರಾ ಹಾಕಿ ಹೋಗುತ್ತಾನೆ. ಒಬ್ಬ ಮನುಷ್ಯನನ್ನು ಹೂಳಲು ಬೇಕಾದದ್ದು ಒಂದು ಸಾಲು ಷರಾ ಮಾತ್ರ.

ಹೀಗೆ ಕಾದಂಬರಿಯ ಆರಂಭದಲ್ಲಿಯೇ ಡ್ಯೂಮಾ ತನ್ನ ಪ್ರಶ್ನೆಯನ್ನು ನೆಟ್ಟಿದ್ದಾನೆ. ಅನ್ಯಾಯ ಮಾಡಿದ್ದು ನ್ಯಾಯಸ್ಥಾನವೇ ಆದರೆ ದೂರು ಹೇಳುವುದು ಎಲ್ಲಿ? ಇದು ಅವನಿಗೆ ಪುಸ್ತಕದಿಂದ ಮಾತ್ರ ತಿಳಿದ ಸಂಗತಿಯಾಗಿರಲಿಲ್ಲ. ಅವನ ತಂದೆ ಜನರಲ್ ಡ್ಯೂಮಾ, ಕೆರಿಬಿಯನ್ ದ್ವೀಪವೊಂದರಲ್ಲಿ ಗುಲಾಮಸ್ತ್ರೀಯೊಬ್ಬಳ ಹೊಟ್ಟೆಯಲ್ಲಿ ಹುಟ್ಟಿ ಫ್ರಾನ್ಸಿನ ಸೇನಾಪತಿಯ ಪದವಿಗೇರಿದವನು. 1799ರಿಂದ 1801ರವರೆಗೆ ನೇಪಲ್ಸ್ ರಾಜ್ಯದ ಸೆರೆಯಲ್ಲಿ ನರಳಿ, ಆರೋಗ್ಯ ಕೆಟ್ಟು, 1806ರಲ್ಲಿ ತೀರಿಕೊಂಡ. ಆಗ ಮಗನಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ವಿಚಾರಣೆಯಿಲ್ಲದ ಸೆರೆ ಎಂದರೇನು ಎಂಬುದು ಆ ಮನೆಯವರಿಗೆ ಗೊತ್ತಿತ್ತು.

ಕಥೆಯ ಬೀಜ ಮಾತ್ರ ಬೇರೆ ಕಡೆಯಿಂದ ಬಂದುದು. ಪ್ಯಾರಿಸ್ಸಿನ ಪೊಲೀಸ್ ದಫ್ತರಗಳನ್ನು ಆಧರಿಸಿ ಝಾಕ್ ಪ್ಯೂಷೆ ಎಂಬಾತ ಬರೆದಿಟ್ಟ ವೃತ್ತಾಂತವೊಂದರಲ್ಲಿ ಪಿಕೋ ಎಂಬ ಚಮ್ಮಾರನ ಕಥೆಯಿದೆ. ಅಸೂಯೆಯ ಗೆಳೆಯರು 1807ರಲ್ಲಿ ಅವನ ಮೇಲೆ ಸುಳ್ಳು ದೂರು ಕೊಟ್ಟರು. ಏಳು ವರ್ಷದ ಸೆರೆ, ಸೆರೆಯಲ್ಲಿ ಪಾದ್ರಿಯಿಂದ ಬಂದ ಸಂಪತ್ತು, ಆಮೇಲೆ ವೇಷ ಮರೆಸಿಕೊಂಡು ಸೇಡು. ಈ ಪಿಕೋ ತನ್ನ ಕೈಯಿಂದಲೇ ಕೊಲ್ಲುತ್ತಾನೆ, ಕೊನೆಗೆ ತಾನೂ ಕೊಲೆಯಾಗುತ್ತಾನೆ. ಡ್ಯೂಮಾ ಮತ್ತು ಅವನ ಸಹಲೇಖಕ ಒಗಸ್ತ್ ಮಾಕೆ ಇದನ್ನು ತೆಗೆದುಕೊಂಡು ಒಂದು ಮುಖ್ಯವಾದ ಬದಲಾವಣೆ ಮಾಡಿದರು. ಮಾಂಟೆ ಕ್ರಿಸ್ಟೋ ಯಾರನ್ನೂ ಕೈಯಾರೆ ಕೊಲ್ಲುವುದಿಲ್ಲ. ಅವನು ವೈರಿಗಳ ಹಳೆಯ ಪಾಪಗಳನ್ನು ಹುಡುಕಿ ತೆಗೆದು, ಅವು ತಾವೇ ಅವರನ್ನು ತಿನ್ನುವಂತೆ ದಾರಿ ಮಾಡಿಕೊಡುತ್ತಾನೆ. ಬ್ಯಾಂಕರಾದ ಡಾಂಗ್ಲಾರನನ್ನು ದುರಾಸೆ ದಿವಾಳಿ ಮಾಡುತ್ತದೆ. ಕದ್ರೂಸ್ ತನ್ನದೇ ಕಳ್ಳಜತೆಗಾರನ ಚೂರಿಗೆ ಸಾಯುತ್ತಾನೆ. ಓದುಗನಿಗೆ ಇದು ಸೇಡಿನಂತೆ ಕಾಣದೆ ಕರ್ಮಫಲದಂತೆ ಕಾಣುತ್ತದೆ. ದಾಂತೆಸನಿಗೂ ಹಾಗೆಯೇ ಕಂಡಿತು. ತಾನು ದೈವದ ಕೈಯಾಯುಧವೆಂದು ಅವನು ನಂಬಿದ.

ಈ ನಂಬಿಕೆ ಸರಿಯೇ? ಕಾಲೇಜಿನಲ್ಲಿ ಈ ಕಾದಂಬರಿಯ ಮಾತು ಬಂದಾಗಲೆಲ್ಲ ವಿದ್ಯಾರ್ಥಿಗಳು ಒಂದೇ ಕಂಠದಿಂದ ಸರಿ ಎನ್ನುವುದನ್ನು ಕೇಳಿದ್ದೇನೆ. ದುಷ್ಟರಿಗೆ ಶಿಕ್ಷೆಯಾಯಿತಲ್ಲ, ಇನ್ನೇನು ಬೇಕು ಎಂಬುದು ಅವರ ವಾದ. ನನಗೆ ತೋರುವ ಮಟ್ಟಿಗೆ ಕಾದಂಬರಿ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ನ್ಯಾಯಕ್ಕೂ ಸೇಡಿಗೂ ನಡುವಿನ ಗೆರೆಯನ್ನು ಅದು ಉಪದೇಶದಿಂದಲ್ಲ, ಘಟನೆಗಳಿಂದಲೇ ಎಳೆದಿದೆ.

ಫರ್ನಾಂಡನ ಪತನವನ್ನು ನೋಡೋಣ. ಬೆಸ್ತನಾಗಿದ್ದವನು ಈಗ ಕೌಂಟ್ ಮೊರ್ಸರ್ಫ್, ಶ್ರೀಮಂತಸಭೆಯ ಸದಸ್ಯ. ಯಾನಿನಾದ ಆಲಿ ಪಾಷಾನ ಸೇವೆಯಲ್ಲಿದ್ದು ಅವನಿಗೆ ದ್ರೋಹ ಬಗೆದು, ಕೋಟೆಯನ್ನು ಶತ್ರುವಿಗೊಪ್ಪಿಸಿ, ಅವನ ಹೆಂಡತಿಯನ್ನೂ ಪುಟ್ಟ ಮಗಳು ಹೈಡೀಯನ್ನೂ ಗುಲಾಮರಾಗಿ ಮಾರಿ ಹಣ ಮಾಡಿಕೊಂಡವನು. (ಆಲಿ ಪಾಷಾ 1822ರಲ್ಲಿ ಹತನಾದ ಐತಿಹಾಸಿಕ ವ್ಯಕ್ತಿ, ಫರ್ನಾಂಡನ ದ್ರೋಹ ಡ್ಯೂಮಾನ ಕಲ್ಪನೆ.) ವಿಷಯ ಪತ್ರಿಕೆಯಲ್ಲಿ ಬಂದು, ಸಭೆ ವಿಚಾರಣೆಗೆ ತೊಡಗುತ್ತದೆ. ಆರೋಪಿಗೆ ಉತ್ತರ ಹೇಳಲು ಅವಕಾಶವಿದೆ. ಅವನು ಕಾಗದಪತ್ರ ತೋರಿಸಿ ಬಹುಮಟ್ಟಿಗೆ ಸಭೆಯನ್ನು ಒಲಿಸಿಕೊಂಡೂ ಇದ್ದಾನೆ. ಆಗ ಸಾಕ್ಷಿಯೊಬ್ಬಳು ಮುಸುಕು ಹಾಕಿಕೊಂಡು ಒಳಗೆ ಬರುತ್ತಾಳೆ. ಹೈಡೀ! ತನ್ನ ಜನ್ಮಪತ್ರವನ್ನೂ ತನ್ನನ್ನು ಮಾರಿದ ಕ್ರಯಪತ್ರವನ್ನೂ ಮುಂದಿಟ್ಟು, ತಂದೆಯನ್ನು ಕೊಲ್ಲಿಸಿದವನು ಇವನೇ ಎಂದು ಎದುರಿಗೆ ನಿಂತು ಹೇಳುತ್ತಾಳೆ. ಸಭೆ ಅವನನ್ನು ಅಪರಾಧಿಯೆಂದು ತೀರ್ಮಾನಿಸುತ್ತದೆ. ಇಡೀ ಕಾದಂಬರಿಯಲ್ಲಿ ಇಷ್ಟು ಶುದ್ಧವಾಗಿ ನ್ಯಾಯವೆನ್ನಿಸಿಕೊಳ್ಳುವ ಪ್ರಸಂಗ ಇನ್ನೊಂದಿಲ್ಲ. ದೂರುವವಳು ನೊಂದವಳೇ, ಸಾಕ್ಷ್ಯವಿದೆ, ಆರೋಪಿಗೆ ಬಾಯಿದೆ, ತೀರ್ಪು ಬೇರೆಯವರದು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಈ ಮೊಕದ್ದಮೆ ಹೈಡೀಯದು, ದಾಂತೆಸನದಲ್ಲ. ಆ ರಾತ್ರಿ ಮರ್ಸಿಡಿಸ್ ಬಂದು ಮಗನ ಪ್ರಾಣಭಿಕ್ಷೆ ಬೇಡುವಾಗ ಕೇಳುವ ಪ್ರಶ್ನೆಯೂ ಇದೇ: ಯಾನಿನಾದ ಪಾಷಾನಿಗಾದ ದ್ರೋಹ ನಿನಗೇಕೆ? ಕೌಂಟನ ಉತ್ತರ ಅತ್ಯಂತ ಪ್ರಾಮಾಣಿಕವಾದುದು. ಅದು ತನಗೆ ಸಂಬಂಧಪಟ್ಟುದಲ್ಲವೆಂದು ಒಪ್ಪಿಕೊಳ್ಳುತ್ತಾನೆ. ತನ್ನ ಹಗೆ ಆ ಸೇನಾಧಿಕಾರಿಯ ಮೇಲಲ್ಲ, ಮರ್ಸಿಡಿಸಳನ್ನು ಮದುವೆಯಾದ ಬೆಸ್ತ ಫರ್ನಾಂಡನ ಮೇಲೆ ಎಂದು ಹೇಳಿ, ಆ ಹಳೆಯ ಮೂಗರ್ಜಿಯನ್ನು ತೆಗೆದು ಅವಳ ಕೈಗಿಡುತ್ತಾನೆ. ಆ ಕಾಗದ ಅವನ ಕೈಸೇರಿದ ಬಗೆಯನ್ನು ಡ್ಯೂಮಾ ಬಹಳ ಹಿಂದೆಯೇ ಹೇಳಿದ್ದಾನೆ. ಸೆರೆಯಿಂದ ಬಿಡಿಸಿಕೊಂಡು ಬಂದವನು ಇಂಗ್ಲಿಷ್ ವ್ಯಾಪಾರಿಯ ಗುಮಾಸ್ತನ ವೇಷದಲ್ಲಿ ಸೆರೆಮನೆಯ ಕಡತ ತೆಗೆಸಿ ನೋಡಿ, ಯಾರಿಗೂ ಕಾಣದಂತೆ ಆ ಮೂಗರ್ಜಿಯನ್ನು ಜೇಬಿಗಿಳಿಸಿದ್ದ.

ಈ ಕಾಗದವೇ ಕಾದಂಬರಿಯ ಕೀಲಿಕೈ ಎಂದು ನಾನು ಭಾವಿಸುತ್ತೇನೆ. ದಾಂತೆಸನ ನಿರಪರಾಧಕ್ಕೆ ಅದು ಆಧಾರ. ಅದನ್ನು ಅವನು ಯಾವ ನ್ಯಾಯಸ್ಥಾನದ ಮುಂದೆಯೂ, ಯಾವ ಪತ್ರಿಕೆಯಲ್ಲಿಯೂ ಇಡಲಿಲ್ಲ. ಪ್ಯಾರಿಸ್ಸಿನಲ್ಲಿ ಅವನು ಎಲ್ಲರ ಮೊಕದ್ದಮೆಗಳನ್ನೂ ತೆರೆಸುತ್ತಾನೆ: ಹೈಡೀಯದನ್ನು ಶ್ರೀಮಂತಸಭೆಯಲ್ಲಿ, ಹುಟ್ಟಿದ ಕೂಡಲೇ ವಿಲ್‌ಫೋರ್ ಜೀವಸಹಿತ ಹೂತ ಅಕ್ರಮ ಸಂತಾನ ಬೆನೆಡೆಟ್ಟೋನದನ್ನು ಅದೇ ವಿಲ್‌ಫೋರ್ ಸರಕಾರದ ಪರವಾಗಿ ವಾದಿಸುತ್ತಿದ್ದ ಕೋರ್ಟಿನಲ್ಲಿ. ತನ್ನದನ್ನು ಮಾತ್ರ ತೆರೆಯುವುದಿಲ್ಲ. ತನ್ನ ಹೆಸರನ್ನು ಅವನು ಹೇಳುವುದು ಏಕಾಂತದಲ್ಲಿ, ವೈರಿ ನೆಲಕಚ್ಚಿದ ಗಳಿಗೆಯಲ್ಲಿ: ಕದ್ರೂಸನಿಗೆ ಸಾಯುವಾಗ ಕಿವಿಯಲ್ಲಿ, ಫರ್ನಾಂಡನಿಗೆ ನಾವಿಕನ ಉಡುಪು ತೊಟ್ಟು ಎದುರು ನಿಂತು, ಡಾಂಗ್ಲಾರನಿಗೆ ಡಕಾಯಿತರ ಗುಹೆಯಲ್ಲಿ. ನ್ಯಾಯ ಸಭೆಯಲ್ಲಿ ಮಾತನಾಡುತ್ತದೆ. ಸೇಡು ಕಿವಿಯಲ್ಲಿ ಪಿಸುಗುಟ್ಟುತ್ತದೆ.

ಒಂದೇ ಒಂದು ಸಲ ದಾಂತೆಸನಿಗಾದ ಅನ್ಯಾಯ ನಾಲ್ಕು ಜನರ ಎದುರಿಗೆ ಉಚ್ಚರಿಸಲ್ಪಡುತ್ತದೆ. ಅದನ್ನು ಹೇಳುವವನು ಫರ್ನಾಂಡನ ಮಗ ಆಲ್ಬರ್ಟ್. ದ್ವಂದ್ವಯುದ್ಧಕ್ಕೆ ಕರೆದಿದ್ದ ಹುಡುಗ, ತಾಯಿಯಿಂದ ಎಲ್ಲವನ್ನೂ ತಿಳಿದು, ಬೆಳಗ್ಗೆ ಯುದ್ಧದ ನೆಲದಲ್ಲಿ ತನ್ನ ಸ್ನೇಹಿತರೆಲ್ಲ ಕೇಳುವಂತೆ ಹೇಳುತ್ತಾನೆ: ಯಾನಿನಾದ ವಿಷಯಕ್ಕೆ ನಮ್ಮ ತಂದೆಯನ್ನು ದಂಡಿಸುವ ಹಕ್ಕು ನಿಮಗಿಲ್ಲವೆಂದು ಎಣಿಸಿದ್ದೆ; ಬೆಸ್ತ ಫರ್ನಾಂಡ್ ನಿಮಗೆ ಮಾಡಿದ್ದಕ್ಕೆ ಆ ಹಕ್ಕಿದೆಯೆಂದು ಈಗ ಬಲ್ಲೆ ಎಂಬರ್ಥದ ಮಾತು. ಪಿಸ್ತೂಲುಗಳು ಪೆಟ್ಟಿಗೆಯಲ್ಲೇ ಉಳಿಯುತ್ತವೆ. ಸತ್ಯ ಬಯಲಿಗೆ ಬಂದ ಕೂಡಲೇ ರಕ್ತದ ಅಗತ್ಯ ಹೋಯಿತು! ಫರ್ನಾಂಡ್ ಆಮೇಲೆ ಗುಂಡು ಹಾರಿಸಿಕೊಂಡು ಸಾಯುವುದು ನಿಜ. ಆದರೆ ಆಲ್ಬರ್ಟ್ ಮತ್ತು ಮರ್ಸಿಡಿಸ್ ಪಾಪದ ಆಸ್ತಿಯನ್ನೆಲ್ಲ ಬಿಟ್ಟು, ತಲೆಯೆತ್ತಿ ಹೊರನಡೆಯುತ್ತಾರೆ. ಅಪರಾಧಿಯ ಮನೆಯಲ್ಲಿದ್ದ ನಿರಪರಾಧಿಗಳು ಇಲ್ಲಿ ಉಳಿದುಕೊಂಡರು.

ವಿಲ್‌ಫೋರನ ಮನೆಯ ಕಥೆ ಇದಕ್ಕೆ ತೀರ ವಿರುದ್ಧ. ಅವನ ಎರಡನೆಯ ಹೆಂಡತಿಗೆ ತನ್ನ ಮಗ ಎದುವಾರನಿಗೆ ಎಲ್ಲ ಆಸ್ತಿಯೂ ಬರಬೇಕೆಂಬ ಹಂಬಲ. ಅವಳೊಡನೆ ಕೌಂಟ್ ವಿಷಗಳ ವಿಚಾರವಾಗಿ ಪಾಂಡಿತ್ಯದ ಸಂಭಾಷಣೆ ನಡೆಸುತ್ತಾನೆ. ಬೀಜ ಎಂಥ ನೆಲಕ್ಕೆ ಬೀಳುತ್ತಿದೆಯೆಂದು ಅವನಿಗೆ ಗೊತ್ತಿದೆ. ಮನೆಯಲ್ಲಿ ಒಂದರ ಮೇಲೊಂದು ಸಾವು. ಮೊದಲ ಹೆಂಡತಿಯ ತಂದೆ ತಾಯಿ, ಆಮೇಲೆ ಮನೆಯ ಮುದಿ ಸೇವಕ. ಕೌಂಟ್ ದೂರ ನಿಂತು ನೋಡುತ್ತಾನೆ. ಮೊದಲ ಹೆಂಡತಿಯ ಮಗಳು ವ್ಯಾಲೆಂಟೀನಳ ಸರದಿ ಬಂದಾಗಲೂ ಅವನು ಕದಲುತ್ತಿರಲಿಲ್ಲ. ತನಗೆ ಒಡೆಯನಾಗಿದ್ದ ಹಡಗಿನ ವ್ಯಾಪಾರಿ ಮೊರೆಲನ ಮಗ ಮ್ಯಾಕ್ಸಿಮಿಲಿಯನ್ ಅವಳನ್ನು ಪ್ರೀತಿಸುತ್ತಾನೆಂದು ತಿಳಿದ ಮೇಲೆಯೇ ಅವಳನ್ನು ಉಳಿಸಲು ಏಳುತ್ತಾನೆ. ಶಾಪಗ್ರಸ್ತ ಕುಲದ ಹುಡುಗಿ ಎಂಬಷ್ಟೇ ಕಾರಣಕ್ಕೆ ಆ ನಿರಪರಾಧಿಯ ಪ್ರಾಣ ಅವನ ಲೆಕ್ಕದಲ್ಲಿ ಖರ್ಚಾಗಿ ಹೋಗಿತ್ತು. ಮೂಗರ್ಜಿಯೊಂದರ ಮೇಲೆ ಒಬ್ಬ ನಿರಪರಾಧಿಯನ್ನು ಬಲಿಕೊಟ್ಟ ವಿಲ್‌ಫೋರನಿಗೂ ಇವನಿಗೂ ಆಗ ಉಳಿದ ಭೇದವೆಷ್ಟು?

ಮುಂದಿನ ಪ್ರಸಂಗ ಕಾದಂಬರಿಯ ಶಿಖರ. ಕೋರ್ಟಿಗೆ ಹೊರಡುವ ಮುನ್ನ ವಿಲ್‌ಫೋರ್ ಹೆಂಡತಿಯ ಅಪರಾಧವನ್ನು ಕಂಡುಹಿಡಿದು, ತಾನು ಹಿಂದಿರುಗುವುದರೊಳಗೆ ವಿಷ ಕುಡಿದು ಸಾಯಬೇಕು, ಇಲ್ಲವಾದರೆ ವಧಾಸ್ಥಾನ ಎಂದು ಆಜ್ಞೆ ಮಾಡಿದ್ದಾನೆ. ಕೋರ್ಟಿನಲ್ಲಿ ಬೆನೆಡೆಟ್ಟೋ ತನ್ನ ತಂದೆಯ ಹೆಸರು ಹೇಳುತ್ತಾನೆ. ವಿಲ್‌ಫೋರ್ ಎಲ್ಲರೆದುರು ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತಾನೆ. ಜೀವಮಾನವೆಲ್ಲ ಕಲ್ಲಾಗಿದ್ದ ಮನುಷ್ಯ ಗಾಡಿಯಲ್ಲಿ ಮನೆಗೆ ಬರುತ್ತ ಮೊದಲ ಬಾರಿಗೆ ಕರಗುತ್ತಾನೆ. ತಾನೇ ಪಾಪಿಯಾಗಿರುವಾಗ ಹೆಂಡತಿಗೆ ಮರಣದಂಡನೆ ವಿಧಿಸಲು ತಾನಾರು? ಬದುಕಿರಲಿ, ಎಲ್ಲರೂ ಈ ದೇಶ ಬಿಟ್ಟು ಹೋಗೋಣ ಎಂದು ಧಾವಿಸುತ್ತಾನೆ. ಬಹಿರಂಗವಾದ ನ್ಯಾಯ ಅವನನ್ನು ಮನುಷ್ಯನನ್ನಾಗಿ ಮಾಡಿತ್ತು. ಗುಟ್ಟಿನ ವಿಷ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿತ್ತು. ಹೆಂಡತಿ ಸತ್ತಿದ್ದಾಳೆ, ಮಗುವನ್ನೂ ಜತೆಗೆ ಕರೆದೊಯ್ದಿದ್ದಾಳೆ. ತಾನು ಎಡ್ಮಂಡ್ ದಾಂತೆಸ್ ಎಂದು ಪ್ರಕಟಪಡಿಸಿದ ಕೌಂಟನನ್ನು ಕೈಹಿಡಿದು ಎಳೆದೊಯ್ದು ವಿಲ್‌ಫೋರ್ ಆ ಎರಡು ಶವಗಳನ್ನು ತೋರಿಸುತ್ತಾನೆ. ಸೇಡು ತೀರಿತೇ ಎಂದು ಕೇಳುತ್ತಾನೆ. ಕೌಂಟ್ ಮಗುವನ್ನೆತ್ತಿಕೊಂಡು ಓಡಿ ತನಗೆ ತಿಳಿದ ಔಷಧಗಳನ್ನೆಲ್ಲ ಪ್ರಯೋಗಿಸುತ್ತಾನೆ. ಅದು ಉಸಿರಾಡುವುದಿಲ್ಲ. ಹೊರಗೆ ಬಂದು ನೋಡಿದರೆ ವಿಲ್‌ಫೋರ್ ಹುಚ್ಚನಾಗಿ ತೋಟದ ಮಣ್ಣನ್ನು ಅಗೆಯುತ್ತಿದ್ದಾನೆ. ಆ ಕ್ಷಣದಿಂದ ದೈವ ತನ್ನ ಕಡೆಗಿದೆ ಎನ್ನುವ ಧೈರ್ಯ ದಾಂತೆಸನಿಗೆ ಇಲ್ಲ.

ಕನ್ನಡದ ಓದುಗನಿಗೆ ಇಲ್ಲಿ ಮಹಾಭಾರತ ನೆನಪಾಗದೆ ಇರದು. ರನ್ನನ ‘ಗದಾಯುದ್ಧ’ವನ್ನು ಪಾಠ ಹೇಳುವವರಿಗೆ ಭೀಮನ ಪ್ರತಿಜ್ಞೆಯ ಬಲ ಗೊತ್ತು. ಅದೂ ಸೇಡೇ. ಆದರೆ ದ್ರೌಪದಿಗೆ ಅವಮಾನವಾದದ್ದು ತುಂಬಿದ ಸಭೆಯಲ್ಲಿ, ಭೀಮ ಶಪಥ ಮಾಡಿದ್ದೂ ಅದೇ ಸಭೆಯಲ್ಲಿ. ಯಾವ ತಪ್ಪಿಗಾಗಿ ಯಾರ ಗದೆ ತನ್ನ ತೊಡೆಯ ಮೇಲೆ ಬೀಳುವುದೆಂದು ದುರ್ಯೋಧನನಿಗೆ ಗೊತ್ತಿತ್ತು. ಪೆಟ್ಟು ಯುದ್ಧನಿಯಮಕ್ಕೆ ವಿರುದ್ಧವಾದರೂ ಅದರ ಕಾರಣ ಬಯಲಿನಲ್ಲಿತ್ತು. ಅಶ್ವತ್ಥಾಮನ ಸೇಡಾದರೋ ರಾತ್ರಿಯದು, ನಿದ್ರಿಸುತ್ತಿದ್ದವರ ಮೇಲಿನದು. ಅಲ್ಲಿಯೂ ದ್ರೌಪದಿಯ ಮಕ್ಕಳೇ ಬಲಿಯಾದರು. ಸೇಡು ಕತ್ತಲೆಗಿಳಿದಾಗ ಮೊದಲು ಅದರ ಕೈಗೆ ಸಿಕ್ಕುವವರು ಮಕ್ಕಳು ಎಂಬುದನ್ನು ವ್ಯಾಸನೂ ಕಂಡಿದ್ದ, ಪತ್ರಿಕೆಗಾಗಿ ಬರೆದ ಈ ಫ್ರೆಂಚನೂ ಕಂಡ.

ದಾಂತೆಸನ ಪರವಾಗಿ ಹೇಳಬಹುದಾದ ಮಾತು ಇಲ್ಲದಿಲ್ಲ. ಅವನು ದೂರು ಕೊಡಬೇಕಾಗಿದ್ದುದು ಯಾರಿಗೆ? ಸರಕಾರಿ ವಕೀಲನ ಪೀಠದಲ್ಲಿ ಕುಳಿತವನೇ ವಿಲ್‌ಫೋರ್! ತಾನೋ ಸೆರೆ ತಪ್ಪಿಸಿಕೊಂಡು ಬಂದ ಖೈದಿ. ಬಾಗಿಲು ಕಾಯಬೇಕಾದವನೇ ಕಳ್ಳನಾದ ಮನೆಯಲ್ಲಿ ಯಾರನ್ನು ಕೂಗುವುದು? ಈ ಆಕ್ಷೇಪಣೆ ಬಲವಾದುದು. ಕೊನೆಯವರೆಗೂ ನಾವು ದಾಂತೆಸನನ್ನು ಪ್ರೀತಿಸುವುದಕ್ಕೆ ಇದೇ ಕಾರಣ. ಆದರೂ ಒಂದು ಮಾತು ಉಳಿಯುತ್ತದೆ. ಹೈಡೀ ಅನ್ಯದೇಶದವಳು, ಕ್ರಯಕ್ಕೆ ಬಿದ್ದವಳು. ಅವಳ ಮಾತನ್ನು ಪ್ಯಾರಿಸ್ಸಿನ ಸಭೆ ಕೇಳಿತು. ಕೇಳುವಂತೆ ಮಾಡುವ ಹಣ, ಬುದ್ಧಿ, ಪ್ರಭಾವಗಳು ಕೌಂಟನಲ್ಲಿದ್ದುವು. ಅವಳಿಗೆ ದೊರಕಿಸಿಕೊಟ್ಟುದನ್ನು ಅವನು ತನಗಾಗಿ ಬಯಸಲಿಲ್ಲ. ರೋಮ್ ನಗರದಲ್ಲಿ ಬಹಿರಂಗ ಮರಣದಂಡನೆಯನ್ನು ನೋಡುವ ಮುನ್ನ ಅವನು ಹೇಳುವ ಮಾತುಗಳಿಂದ ಕಾರಣ ಸ್ಪಷ್ಟವಾಗುತ್ತದೆ: ವರ್ಷಗಟ್ಟಲೆ ನರಳಿಸಿದವನು ಒಂದು ಕ್ಷಣದಲ್ಲಿ ಸತ್ತರೆ ಲೆಕ್ಕ ಸರಿಹೋಗುವುದಿಲ್ಲವೆಂಬುದು ಅವನ ಅಭಿಪ್ರಾಯ. ಅವನಿಗೆ ತೀರ್ಪು ಸಾಲದು, ನರಳಾಟ ಬೇಕು. ಆ ಬೀಜ ತನ್ನಿಂದಲೇ ಬಿತ್ತೆಂದು ಗುರು ಫಾರಿಯಾ ಸೆರೆಯಲ್ಲಿಯೇ ಮರುಗಿದ್ದ. ವೈರಿಗಳು ಯಾರೆಂದು ತರ್ಕದಿಂದ ಬಿಡಿಸಿ ಹೇಳಿದ ಮೇಲೆ, ಶಿಷ್ಯನ ಹೃದಯದಲ್ಲಿ ಇಲ್ಲದ ಭಾವವನ್ನು ತಂದಿಟ್ಟೆನಲ್ಲ ಎಂದು.

ಕಾದಂಬರಿಯಲ್ಲಿ ದೋಷವಿಲ್ಲವೆಂದಲ್ಲ. ಎದುವಾರನ ಸಾವಿನ ನಂತರ ದಾಂತೆಸ್ ಸಂದೇಹದಿಂದ ಷಾತೋ ದೀಫಿಗೆ ಹಿಂದಿರುಗುತ್ತಾನೆ. ತನ್ನ ಕತ್ತಲೆಕೋಣೆಯನ್ನು ಕಂಡು, ಫಾರಿಯಾನ ಬರಹದ ಸುರುಳಿ ಕೈಗೆ ಬಂದು, ಸಮಾಧಾನ ಹೊಂದುತ್ತಾನೆ. ಈ ಸಮಾಧಾನ ತೀರ ಅಗ್ಗವಾಯಿತೆಂದು ನನ್ನ ಭಾವನೆ. ಸತ್ತ ಮಗುವಿಗೆ ತಾನು ಪಟ್ಟ ಕಷ್ಟದ ನೆನಪು ಉತ್ತರವಾಗಲಾರದು. ಹೈಡೀಯೊಡನೆ ಹಡಗನ್ನೇರಿ ಸುಖಾಂತಕ್ಕೆ ಸಾಗುವುದೂ ಓದುಗರಿಗೆ ಸಲ್ಲಿಸಿದ ಕಾಣಿಕೆಯಂತೆ ತೋರುತ್ತದೆ.

ಆದರೆ ಡಾಂಗ್ಲಾರನ ಪ್ರಸಂಗ ಆ ದೋಷವನ್ನು ಬಹುಪಾಲು ತೊಳೆಯುತ್ತದೆ. ಮೂಗರ್ಜಿ ಬರೆದ ಕೈ ಅವನದು. ಶಿಕ್ಷೆಯಲ್ಲಿ ಅವನೇ ಮೊದಲಿಗನಾಗಬೇಕಿತ್ತು. ರೋಮಿನ ಡಕಾಯಿತ ಲೂಯಿಜಿ ವಾಂಪಾನ ಗುಹೆಯಲ್ಲಿ ಒಂದು ಕೋಳಿಗೆ ಲಕ್ಷ ಫ್ರಾಂಕಿನಂತೆ ತೆರುತ್ತ, ಕದ್ದು ತಂದ 50 ಲಕ್ಷವೆಲ್ಲ ಕರಗಿ, ಹಸಿವಿನಿಂದ ಕಂಗಾಲಾಗುತ್ತಾನೆ. ದಾಂತೆಸನ ಮುದಿತಂದೆ ಸತ್ತದ್ದೂ ಹಸಿವಿನಿಂದಲೇ. ಅಲ್ಲಿಗೆ ಬಿಟ್ಟಿದ್ದರೆ ಲೆಕ್ಕ ಕಾಸಿಗೆ ಕಾಸು ಸರಿಹೋಗುತ್ತಿತ್ತು. ಆದರೆ ಕೌಂಟ್ ಎದುರಿಗೆ ಬಂದು, ತಾನು ಕ್ಷಮಿಸುವುದಾಗಿಯೂ ತನಗೂ ಕ್ಷಮೆ ಬೇಕಾಗಿರುವುದಾಗಿಯೂ ಹೇಳಿ, ಉಳಿದ 50,000 ಫ್ರಾಂಕ್ ಕೊಟ್ಟು ಬಿಟ್ಟುಬಿಡುತ್ತಾನೆ. ಗುಹೆಯಿಂದ ಹೊರಬಂದ ಡಾಂಗ್ಲಾರ್ ತೊರೆಯ ನೀರಿನಲ್ಲಿ ಮುಖ ನೋಡಿಕೊಂಡರೆ ತಲೆಗೂದಲು ಬೆಳ್ಳಗಾಗಿದೆ. ಎದುವಾರ್ ಸಾಯದಿದ್ದರೆ ಡಾಂಗ್ಲಾರ್ ಬದುಕುತ್ತಿರಲಿಲ್ಲ. ಈ ಎರಡು ಪ್ರಸಂಗಗಳನ್ನು ಜೋಡಿಸಿ ಓದದವನಿಗೆ ಕಾದಂಬರಿ ಪೂರ್ತಿ ದಕ್ಕುವುದಿಲ್ಲ.

ಡ್ಯೂಮಾ 1870ರಲ್ಲಿ ತೀರಿಕೊಂಡ. ಫ್ರಾನ್ಸ್ ತನ್ನ ಮಹನೀಯರಿಗೆ ಮೀಸಲಿಟ್ಟ ಪ್ಯಾಂಥಿಯನ್ನಿಗೆ ಅವನ ಅವಶೇಷವನ್ನು ತಂದದ್ದು 2002ರಲ್ಲಿ. ವಿಮರ್ಶೆ ಅವನಿಗೆ ಮಣೆ ಹಾಕಲು ಅಷ್ಟು ಕಾಲ ಹಿಡಿಯಿತೆನ್ನಬೇಕು. ಕೋರ್ಟಿನಲ್ಲಿ ದಾವೆಗಳು ವರ್ಷಗಟ್ಟಲೆ ಎಳೆಯುವುದನ್ನು ಕಂಡ ನಮಗೆ, ಒಬ್ಬ ಮಾಂಟೆ ಕ್ರಿಸ್ಟೋ ಬಂದು ಎಲ್ಲವನ್ನೂ ಸರಿಮಾಡಬಾರದೇ ಎನ್ನಿಸುವುದು ಸಹಜ. ಅಂಥ ಆಸೆ ಹುಟ್ಟಿದಾಗ ಈ ಕಾದಂಬರಿಯ ಸಂಕ್ಷೇಪವನ್ನಲ್ಲ, ಪೂರ್ಣಪಾಠವನ್ನು ಓದಬೇಕು. ಅನ್ಯಾಯವನ್ನು ಸಹಿಸಿಕೊಂಡಿರಿ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ನೊಂದವನ ದೂರನ್ನು ನಾಲ್ಕು ಜನರೆದುರು ಹೇಳುವ ಜಾಗ ಇಲ್ಲವಾದರೆ ಏನಾಗುತ್ತದೆಂಬುದನ್ನು, ವಿಲ್‌ಫೋರನ ಮನೆಯ ಬಾಗಿಲು ತೆರೆದು ತೋರಿಸುತ್ತದೆ.